ಎರಡನೇ ಕೋಟು

ಕೀಲಿ ತಿರುಗಿಸಿದೆ. ಟಕ್ ಎಂದಿತು. ಅಷ್ಟೇ.

"ಇನ್ನೊಂದ್ಸಲ ತಿರುಗಿಸು," ಎಂದ ನನ್ನ ಗಂಡ, ಹಿಂದಿನ ಬಾಗಿಲಲ್ಲಿ ಏಣಿ ತುರುಕುತ್ತ. ಅವನು ಹೇಳದೇ ಇದ್ದಿದ್ದರೆ ನನಗದು ಹೊಳೆಯುತ್ತಲೇ ಇರಲಿಲ್ಲ ನೋಡಿ. ಮತ್ತೆ ತಿರುಗಿಸಿದೆ. ಟಕ್. ಮುಂದಿನ ದೀಪಗಳು ಎದುರು ಗೋಡೆಯ ಮೇಲೆ ಬೆಳ್ಳಗೆ ಉರಿಯುತ್ತಿದ್ದವು. ಹಾರ್ನ್ ಒತ್ತಿದರೆ ಬೀದಿಯೆಲ್ಲ ಎದ್ದು ಕೂರಬೇಕು, ಅಷ್ಟು ಜೋರು. ಎಂಜಿನ್ ಮಾತ್ರ ಮುನಿಸಿಕೊಂಡ ನೆಂಟನ ಹಾಗೆ, ಜಪ್ಪಯ್ಯ ಎಂದರೂ ಅಲುಗಲಿಲ್ಲ.

ಅಂಗಳದಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಅಪ್ಪ, "ಒಂದು ಗಳಿಗೆ ಸುಮ್ನೆ ಬಿಡು. ಅದಕ್ಕೂ ಉಸಿರು ಬೇಕು," ಎಂದ.

"ಉಸಿರು ಬೇಕಾಗಿರೋದು ನಮಗೆ ಮಾವ," ಎಂದ ನನ್ನ ಗಂಡ. ಏಣಿಯನ್ನು ಅಲ್ಲೇ ಬಿಟ್ಟು ತೋಳು ಮಡಚಿದ. ತಳ್ಳುವುದು ಈಗ ಹಲ್ಲುಜ್ಜುವುದರ ಹಾಗೆ ಬೆಳಗಿನ ಕೆಲಸಗಳಲ್ಲಿ ಒಂದಾಗಿಬಿಟ್ಟಿತ್ತು. ಎದುರು ಮನೆಯ ಟೈಲರ್ ಕರೆಯದೆಯೇ ಬಂದು ಬೆನ್ನು ಕೊಟ್ಟ. ನಾನು ಎರಡನೇ ಗೇರಿಗೆ ಹಾಕಿ ಕ್ಲಚ್ ಒತ್ತಿ ಕೂತೆ. ತಿರುವಿನ ಹತ್ತಿರ ಕ್ಲಚ್ ಬಿಟ್ಟಾಗ ಗಾಡಿ ಒಮ್ಮೆ ಜಗ್ಗಿ, ಕೆಮ್ಮಿ, ಹೊಗೆ ಉಗುಳಿ ಎದ್ದಿತು. ಕನ್ನಡಿಯಲ್ಲಿ ನೋಡಿದರೆ ಇಬ್ಬರೂ ಮೊಣಕಾಲ ಮೇಲೆ ಕೈ ಊರಿ ಬಗ್ಗಿ ನಿಂತಿದ್ದರು. ಆ ಹೊತ್ತಿಗೇ ನನಗೆ ದಿನ ಮುಗಿದ ಹಾಗೆ ಅನಿಸಿತು.

ನಾವು ಬಣ್ಣ ಹೊಡೆಯುವವರು. ಮನೆ, ಅಂಗಡಿ, ಶಾಲೆ, ಯಾರು ಕರೆದರೆ ಅವರದು. ಕಸುಬು ಶುರುಮಾಡಿದ್ದು ಅಪ್ಪ. ಈ ವ್ಯಾನು ಕೊಂಡದ್ದೂ ಅವನೇ, ನಾನಿನ್ನೂ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ. ಸೀಟಿನ ಕೆಳಗೇ ಎಂಜಿನ್ ಇರುವ, ಮೂತಿಯಿಲ್ಲದ ಗಾಡಿ. ಸೀಟು ಎತ್ತಿದರೆ ಎಲ್ಲ ಕಾಣುತ್ತದೆ.

ಕಸುಬಿನವರೆಲ್ಲ ಅಪ್ಪನನ್ನು 'ಎರಡನೇ ಕೋಟು' ಎಂದೇ ಕರೆಯುತ್ತಿದ್ದರು. ಒಂದೇ ಕೋಟು ಬಳಿದು ಕೈತೊಳೆದುಕೊಳ್ಳುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಮೊದಲನೆಯದನ್ನು ಯಾರು ಬೇಕಾದರೂ ಹೊಡೆಯಲಿ, ಎರಡನೆಯದು ಅವನದೇ. ನನಗೆ ಕೆಲಸ ಕಲಿಸಿದವನು ಅವನು. ಆದರೂ ಎರಡನೇ ಕೋಟಿನ ಬ್ರಷ್ಷನ್ನು ಒಂದು ದಿನವೂ ನನ್ನ ಕೈಗೆ ಕೊಟ್ಟವನಲ್ಲ. "ಇನ್ನೂ ಟೈಮಿದೆ," ಎನ್ನುತ್ತಿದ್ದ. ನನ್ನ ತಲೆಯಲ್ಲಿ ಬಿಳಿ ಕೂದಲು ಬಂದರೂ ಆ ಟೈಮು ಬಂದಿರಲಿಲ್ಲ.

ಅವನದು ಇನ್ನೊಂದು ಹಟ. ಬೇರೆಯವರು ಸ್ವಿಚ್ ಬೋರ್ಡಿನ ಸುತ್ತ ಬ್ರಷ್ಷು ಆಡಿಸಿ ಮುಂದೆ ಹೋಗುತ್ತಾರೆ. ಅಪ್ಪ ಬೋರ್ಡಿನ ಸ್ಕ್ರೂ ಬಿಚ್ಚಿ, ಹಿಂದಿನ ಗೋಡೆಗೂ ಬಳಿದು, ಒಣಗಿಸಿ, ಮತ್ತೆ ಕೂರಿಸುತ್ತಿದ್ದ. ಚಿಲಕ, ಕೊಕ್ಕೆ, ಕಿಟಕಿಯ ತಿರುಗಣಿ, ಯಾವುದನ್ನೂ ಬಿಡುವಂತಿಲ್ಲ. ಬಿಚ್ಚಬೇಕು, ಉಜ್ಜಬೇಕು, ಪ್ರೈಮರ್ ಕೊಡಬೇಕು, ಆಮೇಲೆ ಬಣ್ಣ. "ಬೋಳು ಬಿಟ್ಟ ಕಬ್ಬಿಣ, ಬಾಗಿಲು ತೆಗೆದಿಟ್ಟ ಮನೆ ಎರಡೂ ಒಂದೇ," ಎಂದು ನಮ್ಮನ್ನು ಗದರುತ್ತಿದ್ದ. ಒಂದು ದಿನದ ಕೆಲಸ ಒಂದೂವರೆ ದಿನವಾಗುತ್ತಿತ್ತು. ನಾವು ಹೊಟ್ಟೆಯಲ್ಲೇ ಬೈದುಕೊಳ್ಳುತ್ತಿದ್ದೆವು. ಆದರೆ ಅವನು ಬಣ್ಣ ಹೊಡೆದ ಬಾಗಿಲುಗಳು ಇವತ್ತಿಗೂ ಹಾಗೇ ಇವೆ, ಅದನ್ನೂ ಹೇಳಬೇಕು.

ಒಮ್ಮೆ ಅಪ್ಪ ಏಣಿಯಿಂದ ಬಿದ್ದ. ಆಮೇಲೆ ಸೊಂಟ ಒಂದು ಹಂತಕ್ಕೆ ಬಂತು, ಬಲಗೈ ಬರಲಿಲ್ಲ. ಬ್ರಷ್ಷು ಹಿಡಿದರೆ ನಡುಗುತ್ತಿತ್ತು. ಒಂದು ಮನೆಯಲ್ಲಿ ಅವನು ಕಿಟಕಿಯ ಅಂಚು ಎಳೆದದ್ದನ್ನು ನೋಡಿ ಮನೆಯೊಡತಿ ಬಹಳ ಮೆತ್ತಗೆ, "ಮುಂದಿನ ರೂಮಿಗೆ ನಿಮ್ಮ ಮಗಳೇ ಬರ್ಲಿ, ನೀವು ಸುಧಾರಿಸ್ಕೊಳ್ಳಿ," ಎಂದಳು. ಬೈದಿದ್ದರೆ ಅಪ್ಪ ತಿರುಗಿ ಬೈಯುತ್ತಿದ್ದ. ಆ ಮೆತ್ತನೆ ಮಾತು ಅವನನ್ನು ಮನೆಯಲ್ಲಿ ಕೂರಿಸಿಬಿಟ್ಟಿತು. ಗೋಡೆ ನೋಡುತ್ತ ಕೂರುತ್ತಿದ್ದ. ನೋಡಲಾರದೆ ನಾನೇ ಒಂದು ದಿನ, "ಅಪ್ಪ, ನಮ್ಮ ವ್ಯಾನು ನೋಡೋಕಾಗ್ತಿಲ್ಲ. ಪೇಂಟರ್ ಗಾಡಿ ಅಂತ ಹೇಳೋಕೆ ನಾಚಿಕೆ. ಸ್ವಲ್ಪ ಕೈ ಆಡಿಸು," ಎಂದೆ. ಸ್ಟೂಲು ಹೊರಗೆ ಬಂತು.

ಅಂದಿನಿಂದ ವ್ಯಾನು ಅವನ ಗೋಡೆ. ನಾವು ಕೆಲಸದಿಂದ ಬಂದು ನಿಲ್ಲಿಸುವುದೇ ತಡ, ಸುತ್ತು ಹಾಕುತ್ತಿದ್ದ. ಎಲ್ಲಿ ಗೀರು ಬಿದ್ದಿದೆ, ಎಲ್ಲಿ ಏಣಿ ತಾಗಿದೆ ಎಂದು ಕಣ್ಣಲ್ಲಿ ಕಣ್ಣಿಟ್ಟು ಹುಡುಕಿ ಸರಿಮಾಡುತ್ತಿದ್ದ. ಒಳಗಡೆ, ಸೀಟಿನ ಕೆಳಗೆ, ಎಂಜಿನ್ನಿನ ಅಕ್ಕಪಕ್ಕದ ತಗಡು ಕೂಡ ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿತ್ತು. ರಿಪೇರಿಯವರು ಬಂದು ಹೋದ ಮೇಲಂತೂ ಅವನಿಗೆ ಹಬ್ಬ. "ನೋಡು, ಕೈಯೋ ಕೊಡಲಿಯೋ," ಎನ್ನುತ್ತ ಅವರು ಗೀಚಿದ್ದನ್ನೆಲ್ಲ ಮುಚ್ಚುತ್ತಿದ್ದ. ಅವನ ಕೈ ನಡುಗಿದರೂ ಅಲ್ಲಿ ಬಂದು ನೋಡುವವರು ಯಾರಿದ್ದಾರೆ ಎಂದು ನಾನೂ ನೆಮ್ಮದಿಯಾಗಿದ್ದೆ.

ರಿಪೇರಿಯವರೋ, ಬರುತ್ತಲೇ ಇದ್ದರು. ಮೊದಲು ಬ್ಯಾಟರಿ ಎಂದರು, ಬದಲಾಯಿಸಿದೆವು. ಸ್ವಲ್ಪ ದಿನ ಸರಿಯಿತ್ತು, ಮತ್ತೆ ಟಕ್. ಕೀಲಿಯ ಸ್ವಿಚ್ ಎಂದರು, ಹೊಸದು ಬಂತು. ಸ್ಟಾರ್ಟ್ ಮಾಡುವ ಸೆಲ್ಫ್ ಮೋಟಾರು ಹೋಗಿದೆ ಎಂದರು, ಅದೂ ಬಂತು. ಪ್ರತಿ ಸಲವೂ ಗಾಡಿ ಕೆಲವು ವಾರ ಒಳ್ಳೆಯ ಸೊಸೆಯ ಹಾಗೆ ನಡೆದುಕೊಂಡು, ನಾವು ನಂಬಿದೆವು ಅನ್ನುವಾಗ ಕೈಕೊಡುತ್ತಿತ್ತು. ನನ್ನ ಗಂಡನ ತಾಳ್ಮೆ ತಳ ಕಂಡಿತ್ತು. ರಜೆ ಶುರುವಾದ ಕೂಡಲೇ ಒಂದು ಶಾಲೆಗೆ ಪೂರ್ತಿ ಬಣ್ಣ ಹೊಡೆಯುವ ಕೆಲಸ ನಮಗೆ ಸಿಕ್ಕಿತ್ತು. ಅಷ್ಟು ಡಬ್ಬ, ಅಷ್ಟು ಏಣಿ ಹೊತ್ತುಕೊಂಡು ದಿನಾ ತಳ್ಳುತ್ತ ಹೋಗಲು ಆಗುವುದಿಲ್ಲ.

"ಭಾನುವಾರ ಗುಜರಿಯವನು ಬರ್ತಾನೆ, ಹೇಳಿಯಾಗಿದೆ," ಎಂದ ನನ್ನ ಗಂಡ, ಹಾಗೆ ತಳ್ಳಿ ಹೊರಟ ದಿನವೇ ಕೆಲಸದ ಮಧ್ಯೆ ಊಟಕ್ಕೆ ಮನೆಗೆ ಬಂದಾಗ. "ಬೇರೆ ಗಾಡಿ ನೋಡೋಣ. ಇದರ ಜೊತೆ ನನಗಾಗಲ್ಲ."

ಅಪ್ಪ ತಟ್ಟೆಯಿಂದ ಕೈ ತೆಗೆದ. ಅಳಿಯನ ಎದುರು ಯಾವತ್ತೂ ದನಿ ತಗ್ಗಿಸಿದವನಲ್ಲ. "ನಾನಿರೋ ತನಕ ಇರ್ಲಿ ಬಿಡಪ್ಪ," ಎಂದ. "ಅದರ ಮೈಯಲ್ಲಿ ಎಲ್ಲೂ ತುಕ್ಕಿಲ್ಲ. ಬೇಕಾದ್ರೆ ನೋಡು. ಎಲ್ಲೂ ಇಲ್ಲ."

"ತುಕ್ಕಿಲ್ಲ ಮಾವ, ಒಪ್ಪಿದೆ. ಆದ್ರೆ ಅದು ಗಾಡಿ. ಓಡಬೇಕಲ್ಲ?"

ಅಪ್ಪ ತಟ್ಟೆ ಪಕ್ಕಕ್ಕೆ ಸರಿಸಿದ. ನನ್ನ ಕಡೆ ನೋಡಿದ. ಹೊಸ ಗಾಡಿ ಬಂದರೆ ಅದಕ್ಕೆ ಬಣ್ಣ ಹೊಡೆಯುವ ಕೆಲಸ ಇರುವುದಿಲ್ಲ, ಸ್ಟೂಲು ಮತ್ತೆ ಒಳಗೆ ಹೋಗುತ್ತದೆ, ಅವನು ಮತ್ತೆ ಗೋಡೆ ನೋಡುತ್ತ ಕೂರುತ್ತಾನೆ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. "ಇನ್ನೊಂದು ಸಲ ಎಲೆಕ್ಟ್ರಿಷಿಯನ್ನಿಗೆ ತೋರಿಸ್ತೀನಿ ರೀ," ಎಂದೆ. "ಇದೇ ಕೊನೆ."

"ಕೊನೆ ಅಂದ್ರೆ ಕೊನೆ," ಎಂದು ನನ್ನ ಗಂಡ ಕೈ ತೊಳೆದು ಕೆಲಸಕ್ಕೆ ನಡೆದುಕೊಂಡೇ ಹೋದ.

ಎಲೆಕ್ಟ್ರಿಷಿಯನ್ನನ್ನು ಎಲ್ಲರೂ ಕರೆಯುವುದು 'ಆಮೇಲೆ' ಎಂದು. ಏನು ಕೇಳಿದರೂ ಅವನ ಬಾಯಲ್ಲಿ ಮೊದಲು ಬರುವ ಮಾತು ಅದೇ. ಸೆಲ್ಫ್ ಮೋಟಾರು ಹಾಕಿಕೊಟ್ಟವನೂ ಅವನೇ. ಅವನು ಬಂದಾಗ ಅಪ್ಪ ಒಳಗೆ ಮಲಗಿದ್ದ.

"ಅಕ್ಕ, ಹೋದ ಸಲ ನಿಮ್ಮ ಯಜಮಾನ್ರು ಸೆಲ್ಫ್ ಹೋಗಿದೆ, ಬದಲಾಯಿಸು ಅಂತ ಕುತ್ತಿಗೆ ಮೇಲೆ ಕೂತ್ರು. ಬದಲಾಯಿಸಿದೆ. ಈ ಸಲ ಯಾರೂ ಏನೂ ಹೇಳ್ಬೇಡಿ. ನಾನೇ ನೋಡ್ತೀನಿ."

"ಸರಿಹೋಗುತ್ತಾ ಅಣ್ಣ?"

"ಆಮೇಲೆ ಹೇಳ್ತೀನಿ."

ದೀಪ ಹಾಕಿಸಿ ಕೀಲಿ ತಿರುಗಿಸಲು ಹೇಳಿದ. ಟಕ್. ಅವನು ಗೋಡೆಯ ಮೇಲಿನ ಬೆಳಕನ್ನೇ ನೋಡುತ್ತಿದ್ದ. "ಲೈಟು ಒಂಚೂರೂ ಮಂಕಾಗಲಿಲ್ಲ. ಬ್ಯಾಟರಿ ಕಲ್ಲು ಇದ್ದ ಹಾಗಿದೆ," ಎಂದ. ಸೀಟು ಎತ್ತಿದ. ಇನ್ನೂ ನಾಲ್ಕಾರು ಸಲ ತಿರುಗಿಸಲು ಹೇಳಿ, ಆಕ್ಸಿಲರೇಟರ್ ಕೇಬಲ್ ಮುಟ್ಟಿ ಕೈ ಹಿಂದಕ್ಕೆಳೆದುಕೊಂಡ. "ಮುಟ್ಟಿ ನೋಡಿ."

ಮುಟ್ಟಿದೆ. ಸುಡುತ್ತಿತ್ತು. ಎಂಜಿನ್ ಅಷ್ಟೊತ್ತಿಗೆ ಆರಿ ತಣ್ಣಗಾಗಿತ್ತು, ಕೇಬಲ್ ಸುಡುತ್ತಿತ್ತು.

"ಬ್ಯಾಟರಿಯಿಂದ ಬಂದ ಕರೆಂಟು ವಾಪಸ್ ಹೋಗ್ಬೇಕಲ್ಲಕ್ಕ? ಎಂಜಿನ್ನಿಂದ ಗಾಡಿಯ ತಗಡಿಗೆ ಒಂದು ದಪ್ಪ ಅರ್ತ್ ವಯರಿದೆ, ಅದೇ ದಾರಿ. ಆ ದಾರಿ ಮುಚ್ಚಿದೆ. ಅದಕ್ಕೆ ಈ ಬಡಪಾಯಿ ಕೇಬಲ್ ಮೇಲೆ ನುಗ್ತಾ ಇದೆ." ಚೀಲದಿಂದ ಉದ್ದನೆಯ ವಯರು ತೆಗೆದು ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಎಂಜಿನ್ನಿಗೆ ಕಚ್ಚಿಸಿದ. "ಈಗ."

ಕೀಲಿ ಮುಟ್ಟಿದ್ದೇ ತಡ, ಗಾಡಿ ಗರ್ ಎಂದು ಎದ್ದಿತು. ತಿಂಗಳುಗಟ್ಟಲೆ ತಳ್ಳಿದ್ದೆಲ್ಲ ನೆನಪಾಗಿ ನನಗೆ ಸಿಟ್ಟೇ ಬಂತು.

ಎಂಜಿನ್ ಆಫ್ ಮಾಡಿಸಿ, ಪಕ್ಕದ ತಗಡಿಗೆ ಅರ್ತ್ ವಯರನ್ನು ಬಿಗಿದಿದ್ದ ಬೋಲ್ಟು ಬಿಚ್ಚಿದ. ವಯರಿನ ತುದಿಯ ಬಿಲ್ಲೆಯನ್ನು ಎತ್ತಿ ನೋಡಿ ನಗತೊಡಗಿದ. "ಯಾವ ಪುಣ್ಯಾತ್ಮ ಅಕ್ಕ ಇದು? ತುಕ್ಕಿರುತ್ತೆ ಅಂದ್ಕೊಂಡ್ರೆ ಪೇಂಟ್! ಕೆಳಗೆ ಪ್ರೈಮರ್ ಬೇರೆ. ಬೋಲ್ಟು ಬಿಚ್ಚಿ, ಬಿಲ್ಲೆ ಎತ್ತಿ, ಅದರಡಿಗೆ ಎರಡು ಕೋಟು ಹೊಡ್ದು ಮತ್ತೆ ಬಿಗಿದಿದ್ದಾನೆ. ಇಲ್ಲಿ ಕಬ್ಬಿಣಕ್ಕೆ ಕಬ್ಬಿಣ ತಾಗ್ಬೇಕು. ಸೆಲ್ಫ್ ಹಾಕೋವಾಗ ನಾನೇ ಇದನ್ನ ಬಿಳಿ ಬರೋ ಹಾಗೆ ಉಜ್ಜಿ ಹೋಗಿದ್ದೆ. ಪೇಂಟ್ ಹೊಡೆದ್ಮೇಲೂ ಬೋಲ್ಟಿನ ಸುತ್ತ ಒಂಚೂರು ತಾಗುತ್ತೆ, ಅದರಲ್ಲೇ ಕೆಲವು ದಿನ ಓಡುತ್ತೆ, ಆಮೇಲೆ ಅದೂ ಇಲ್ಲ."

ನಾನು ನಗಲಿಲ್ಲ. ಪ್ರತಿ ರಿಪೇರಿಯಲ್ಲೂ ಯಾರೋ ಉಜ್ಜಿ ಹೋಗಿದ್ದಾರೆ. ಪ್ರತಿ ಸಲವೂ ಅಪ್ಪ ಬೋಳು ಕಬ್ಬಿಣ ಕಂಡು, ಬಿಚ್ಚಿ, ಪ್ರೈಮರ್ ಕೊಟ್ಟು, ಎರಡು ಕೋಟು ಹೊಡೆದು, ಬಿಗಿದಿದ್ದಾನೆ. ವ್ಯಾನು ಉಳಿಯಲಿ ಎಂದು ಅಳಿಯನ ಕಾಲು ಹಿಡಿಯುವುದೊಂದು ಬಾಕಿ ಇದ್ದ ಮನುಷ್ಯನೇ ಅದನ್ನು ದಿನಾ ಗುಜರಿಗೆ ತಳ್ಳುತ್ತಿದ್ದ. ಅವನಿಗದು ಗೊತ್ತೇ ಇರಲಿಲ್ಲ.

"ಅಣ್ಣ, ಇದನ್ನ ಯಾರಿಗೂ ಹೇಳ್ಬೇಡಿ," ಎಂದೆ.

ಅವನು ಒಮ್ಮೆ ನನ್ನನ್ನೂ ಒಮ್ಮೆ ಅಂಗಳದ ಸ್ಟೂಲನ್ನೂ ನೋಡಿದ. ನಗು ನಿಲ್ಲಿಸಿದ. ಎಮರಿ ಪೇಪರ್ ತೆಗೆದು ಆ ಜಾಗವನ್ನು ನಾಣ್ಯದಗಲಕ್ಕೆ ಬೆಳ್ಳಗೆ ಉಜ್ಜಿ, ವಯರು ಬಿಗಿದು, ಚೀಲ ಹೆಗಲಿಗೇರಿಸಿ ಹೋದ.

ಅಪ್ಪನಿಗೆ ಹೇಳಬಾರದೆಂದೇ ನಾನು ಲೆಕ್ಕ ಹಾಕಿದ್ದು. ಸೀಟಿಗೆ ಒಂದು ಬೀಗ ಹಾಕಿಸಿದರಾಯಿತು, ಅಥವಾ ಅಲ್ಲಿ ಎಣ್ಣೆ ಸೋರುತ್ತದೆ, ಮುಟ್ಟಬೇಡ ಎಂದು ಏನೋ ಒಂದು ಹೇಳಿದರಾಯಿತು. ಚಹಾ ಕುಡಿಯುತ್ತ ಇದನ್ನೇ ಯೋಚಿಸುತ್ತಿದ್ದೆ. ಲೋಟ ಇಟ್ಟು ಹೊರಗೆ ಬಂದರೆ ಅಪ್ಪ ಎದ್ದಾಗಿತ್ತು. ಸ್ಟೂಲು ವ್ಯಾನಿನ ಬಾಗಿಲ ಹತ್ತಿರವಿತ್ತು, ಸೀಟು ಮೇಲಿತ್ತು, ಪ್ರೈಮರ್ ಡಬ್ಬದ ಮುಚ್ಚಳ ತೆಗೆದಿತ್ತು. ಸ್ಪ್ಯಾನರ್ ಆ ಬೋಲ್ಟಿನ ಮೇಲೇ ಇತ್ತು.

"ನೋಡು, ಹೇಗೆ ಬಿಟ್ಟು ಹೋಗಿದ್ದಾನೆ, ಬೋಳು ಬೋಳು," ಎಂದ ಅಪ್ಪ, ಖುಷಿಯಲ್ಲೇ.

"ಅಪ್ಪ, ಅದನ್ನ ಮುಟ್ಬೇಡ."

"ಯಾಕೆ?"

"ಎಲೆಕ್ಟ್ರಿಷಿಯನ್ ಹೇಳಿದ್ದಾನೆ."

"ಅವನಿಗೇನು ಗೊತ್ತು ತುಕ್ಕಿನ ವಿಷಯ? ನಾಳೆ ತುಕ್ಕು ಹಿಡಿದ್ರೆ ಅವನು ಬಂದು ಉಜ್ತಾನಾ?" ಬೋಲ್ಟು ಅರ್ಧ ಸುತ್ತು ತಿರುಗಿತು.

ಎಣ್ಣೆಯ ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಬೆಳಗಿನಿಂದ ಮೈಯೆಲ್ಲ ನುಗ್ಗಾಗಿತ್ತು, ಗಂಡನ ಮುಖ ನೋಡಿ ಸಾಕಾಗಿತ್ತು. ಅಪ್ಪನ ಈ ಹಟವೋ, ಹುಟ್ಟಿದಾಗಿನಿಂದ ಕಂಡದ್ದು. "ಬಿಡಪ್ಪ ಅಂದ್ರೆ ಬಿಡು!" ಎಂದು ಕೂಗಿದೆ. "ನಿನ್ನ ಬಣ್ಣದಿಂದಲೇ ಗಾಡಿ ನಿಲ್ತಾ ಇರೋದು! ಅಲ್ಲಿ ಬೋಳೇ ಇರ್ಬೇಕು. ಕಬ್ಬಿಣಕ್ಕೆ ಕಬ್ಬಿಣ ತಾಗದಿದ್ರೆ ಕರೆಂಟು ಹೋಗಲ್ಲ. ಅವರು ಸರಿಮಾಡೋದು, ನೀನು ಮುಚ್ಚೋದು!"

ಸ್ಪ್ಯಾನರ್ ಹಿಡಿದ ಕೈ ಅಲ್ಲೇ ನಿಂತಿತು. ಬಗ್ಗಿ ಆ ಬೆಳ್ಳನೆ ಜಾಗವನ್ನು ನೋಡಿದ.

"ಪ್ರತಿ ಸಲಾನೂ?" ಎಂದು ಕೇಳಿದ.

ಇಲ್ಲ ಎನ್ನಬಹುದಿತ್ತು. "ಹೂಂ," ಎಂದೆ.

ಬೋಲ್ಟನ್ನು ಮತ್ತೆ ಬಿಗಿದ. ಡಬ್ಬದ ಮುಚ್ಚಳ ಇಟ್ಟು ಸ್ಪ್ಯಾನರ್ ಹಿಡಿಯಿಂದ ಸುತ್ತಲೂ ತಟ್ಟಿ ತಟ್ಟಿ ಮುಚ್ಚಿದ. ಸ್ಟೂಲನ್ನು ತಾನೇ ಎತ್ತಿಕೊಂಡು ಒಳಗೆ ಹೋದ. ನಾನು ಸಹಾಯಕ್ಕೆ ಹೋಗಲಿಲ್ಲ. ನನಗೆ ಅವನ ಮುಖ ನೋಡುವ ಧೈರ್ಯವಿರಲಿಲ್ಲ.

ಮಾರನೆಯ ಬೆಳಗಿನಿಂದ ವ್ಯಾನು ಕೀಲಿ ಮುಟ್ಟಿದರೆ ಎದ್ದಿತು. ಟೈಲರ್ ಅಭ್ಯಾಸಬಲದಿಂದ ಬಂದು ನಿಂತು, ಪೆಚ್ಚಾಗಿ ವಾಪಸ್ ಹೋದ. ನನ್ನ ಗಂಡ ಗುಜರಿಯವನಿಗೆ ಫೋನು ಮಾಡಿ ಬೇಡ ಎಂದ. "ಅಂತೂ 'ಆಮೇಲೆ' ಮುಂಡೇಗಂಡ ಕೆಲಸ ಮಾಡಿದ ಮಾರಾಯ್ತಿ! ಏನು ಮಾಡಿದನಂತೆ?" ಎಂದು ಕೇಳಿದ. ಯಾವುದೋ ವಯರು ಸಡಿಲವಾಗಿತ್ತಂತೆ ಎಂದೆ. ಅಪ್ಪ ಪಕ್ಕದ ಕೋಣೆಯಲ್ಲೇ ಇದ್ದ, ಎಲ್ಲ ಕೇಳಿಸಿರಬೇಕು.

ವ್ಯಾನು ಉಳಿಯಿತು, ಅದರ ಪೇಂಟರು ಹೋದ. ರಜೆ ಬಂದು ಶಾಲೆಯ ಕೆಲಸ ಶುರುವಾಯಿತು. ಅಲ್ಲಿಂದ ಬಂದು ಗಾಡಿ ನಿಲ್ಲಿಸಿದರೆ ಯಾರೂ ಸುತ್ತು ಹಾಕುತ್ತಿರಲಿಲ್ಲ. ಏಣಿ ತಾಗಿ ಬಾಗಿಲ ಮೇಲೆ ಕೈಯುದ್ದದ ಗೀರು ಬಿತ್ತು. ಬೇಕೆಂದೇ ಅದನ್ನು ಅವನ ಕಿಟಕಿಯ ಕಡೆಗೆ ತಿರುಗಿಸಿ ನಿಲ್ಲಿಸಿದೆ. ಅವನು ಕಿಟಕಿಯ ಪರದೆ ಎಳೆದುಕೊಂಡ. ಬಣ್ಣದ ವಿಷಯ ಬಿಡಿ, ಊಟದ ವಿಷಯಕ್ಕೂ ತಕರಾರಿಲ್ಲ. ಹಾಕಿದ್ದನ್ನು ತಿಂದು ಎದ್ದು ಹೋಗುತ್ತಿದ್ದ. ದಿನಾ ತಳ್ಳುತ್ತಿದ್ದಾಗಲೂ ನನಗೆ ಇಷ್ಟು ದಣಿವಾಗಿರಲಿಲ್ಲ. ಆ ಸುಳ್ಳು ಹೇಳಿದ್ದರೆ ಏನು ಹೋಗುತ್ತಿತ್ತು ಎಂದು ಏಣಿಯ ಮೇಲೆ ನಿಂತು ನನ್ನನ್ನೇ ಬೈದುಕೊಳ್ಳುತ್ತಿದ್ದೆ.

ಒಂದು ಭಾನುವಾರ ಅಂಗಡಿಗೆ ಹೋಗಿ ಬರುವಾಗ ದೂರದಿಂದಲೇ ವ್ಯಾನಿನ ಬಾಗಿಲು ತೆಗೆದಿರುವುದು ಕಂಡಿತು. ಸ್ಟೂಲು ಹೊರಗಿತ್ತು, ಸೀಟು ಎತ್ತಿತ್ತು, ಎನಾಮಲ್ ವಾಸನೆ ಬೀದಿಯವರೆಗೂ ಬರುತ್ತಿತ್ತು. ನನಗೆ ತಲೆ ಕೆಟ್ಟುಹೋಯಿತು. ಇಷ್ಟು ಹೇಳಿದ ಮೇಲೂ! ಚೀಲವನ್ನು ಮೆಟ್ಟಿಲ ಮೇಲೆ ಕುಕ್ಕಿ ಓಡಿದೆ.

ಅಪ್ಪ ತಲೆಯೆತ್ತಲಿಲ್ಲ. ಬಲಗೈಯ ಮಣಿಕಟ್ಟನ್ನು ಎಡಗೈಯಲ್ಲಿ ಅಮುಕಿ ಹಿಡಿದು ಸಣ್ಣ ಬ್ರಷ್ಷು ಎಳೆಯುತ್ತಿದ್ದ. ಬೋಲ್ಟು ಬಿಗಿದಂತೆಯೇ ಇತ್ತು. ಅದರ ಸುತ್ತಲಿನ ಬೆಳ್ಳನೆ ಕಬ್ಬಿಣವೂ ಹಾಗೇ ಇತ್ತು. ಅದನ್ನು ಬಿಟ್ಟು, ಅದರ ಸುತ್ತ ಒಂದು ಬಳೆಯ ಹಾಗೆ ಬಣ್ಣದ ಅಂಚು ಎಳೆದಿದ್ದ. ಜೀವಮಾನದಲ್ಲಿ ಏನನ್ನೂ ಬಿಚ್ಚದೆ, ಸುತ್ತ ಬಳಸಿ ಹೊಡೆದವನಲ್ಲ. ಇದನ್ನು ಬಳಸಿ ಹೊಡೆದಿದ್ದ.

"ಸ್ಟಾರ್ಟ್ ಮಾಡು," ಎಂದ.

ಆ ಕಡೆಯಿಂದ ಕೈ ಚಾಚಿ ಕೀಲಿ ತಿರುಗಿಸಿದೆ. ತಕ್ಷಣ ಎದ್ದಿತು. ಅಪ್ಪ ಬಗ್ಗಿ ಆಕ್ಸಿಲರೇಟರ್ ಕೇಬಲ್ ಮುಟ್ಟಿ ನೋಡಿದ. ಅದು ಅವನಿಗೆ ಹೇಗೆ ಗೊತ್ತಾಯಿತೋ, ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ ಕೇಳಿಕೊಂಡು ಬಂದಿದ್ದನೋ, ನಾನು ಕೇಳಲಿಲ್ಲ.

"ತಣ್ಣಗಿದೆ," ಎಂದ. "ಆಫ್ ಮಾಡು."

ಮಾಡಿದೆ. ಇಬ್ಬರೂ ಆ ಅಂಚನ್ನು ನೋಡಿದೆವು. ಅಳತೆಪಟ್ಟಿಯಿಲ್ಲದೆ, ಅಂಟುಪಟ್ಟಿಯಿಲ್ಲದೆ ಗೋಡೆಯುದ್ದಕ್ಕೂ ನೂಲು ಹಿಡಿದಂತೆ ಗೆರೆ ಎಳೆಯುತ್ತಿದ್ದ ಕೈ ಅದು. ಈ ಪುಟ್ಟ ಸುತ್ತು ಅಲ್ಲಲ್ಲಿ ಒಳಗೆ ಬಗ್ಗಿ, ಅಲ್ಲಲ್ಲಿ ಹೊರಗೆ ಉಬ್ಬಿ, ಒಂದು ಕಡೆ ಹರಿದು ಇಳಿದಿತ್ತು.

"ಹೇಗಿದೆ ಅಂಚು?" ಎಂದ.

"ಚೆನ್ನಾಗಿದೆ ಅಪ್ಪ."

"ನಿನ್ನ ಕಣ್ಣಿಗೇನಾಗಿದೆ?" ಎಂದ. ಸಿಟ್ಟಿರಲಿಲ್ಲ. ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು, ಬೇರೆ ಯಾರದೋ ಕೈಯನ್ನು ನೋಡುವ ಹಾಗೆ ನೋಡಿದ. ಆ ಮನೆಯೊಡತಿ ಮೆತ್ತಗೆ ಹೇಳಿದ್ದನ್ನು ಅವನೀಗ ತನಗೆ ತಾನೇ ಹೇಳಿಕೊಳ್ಳುತ್ತಿದ್ದಾನೆ ಅನಿಸಿತು.

ಆಮೇಲೆ ಸ್ಟೂಲಿನಿಂದ ಬಾಗಿಲು ಹಿಡಿದುಕೊಂಡು ಎದ್ದ. ಬ್ರಷ್ಷನ್ನು ಡಬ್ಬದ ಅಂಚಿಗೆ ಎರಡೂ ಮಗ್ಗುಲು ಒರೆಸಿ, ಹಿಡಿಯ ಕಡೆಯಿಂದ ನನ್ನತ್ತ ಚಾಚಿದ.

"ಒಣಗಿದ ಮೇಲೆ ಎರಡನೇ ಕೋಟು ನೀನು ಹೊಡಿ," ಎಂದ.

ಒಳಗೆ ಹೋದ. ಒಣಗುವ ತನಕ ನಾನು ಅಲ್ಲೇ ಮೆಟ್ಟಿಲ ಮೇಲೆ ಬ್ರಷ್ಷು ಹಿಡಿದುಕೊಂಡು ಕೂತಿದ್ದೆ. ಗಂಡ ಬಂದು ಊಟಕ್ಕೆ ಕರೆದ, ಆಮೇಲೆ ಬರ್ತೀನಿ ಎಂದೆ. ಬಿಸಿಲು ಗಾಡಿಯ ಆ ಬದಿಗೆ ತಿರುಗಿದಾಗ ಅಪ್ಪನ ಸ್ಟೂಲಿನ ಮೇಲೆ ಕೂತು ಬ್ರಷ್ಷು ಅದ್ದಿದೆ. ಅಂಚನ್ನು ಸರಿಮಾಡುವುದು ನನಗೆ ಕಷ್ಟವಿರಲಿಲ್ಲ, ಒಂದೇ ಎಳೆತದಲ್ಲಿ ದುಂಡಗೆ ಬರುತ್ತಿತ್ತು. ಸರಿಮಾಡಲಿಲ್ಲ. ಅಪ್ಪನ ಗೆರೆ ಎಲ್ಲೆಲ್ಲಿ ಬಗ್ಗಿತ್ತೋ ಅಲ್ಲೆಲ್ಲ ಬಗ್ಗುತ್ತ, ಎಲ್ಲೆಲ್ಲಿ ನಡುಗಿತ್ತೋ ಅಲ್ಲೆಲ್ಲ ನಿಧಾನ ಮಾಡುತ್ತ, ಅದರ ಮೇಲೆಯೇ ಹೋದೆ.